ಹಾಲೆಂಡಿನಲ್ಲಿ ಬರಿಗಾಲು

ರಾಜಾಜಿನಗರ

ಹಾಲೆಂಡಿಗೆ ಹೋಗಿ ಬಂದವರು ಟ್ಯೂಲಿಪ್ ಹೂವಿನ ಸಾಲಿನ ಮಧ್ಯೆ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಅದರಲ್ಲಿ ನಾನು ಆಸ್ಪತ್ರೆಯ ಕೈತೊಳೆಯುವ ತೊಟ್ಟಿಗೆ ಬಲಗಾಲು ಎತ್ತಿಟ್ಟುಕೊಂಡು ಬ್ರಷ್ ಹಾಕಿ ಉಜ್ಜುತ್ತಿದ್ದೇನೆ. ಅಮ್ಮ ಅದನ್ನು ಶೋಕೇಸಿನಲ್ಲಿಡಲು ಸುತಾರಾಂ ಒಪ್ಪಿಲ್ಲ. "ನೆಂಟ್ರು ನೋಡಿದ್ರೆ ಏನನ್ಕೊಳ್ತಾರೋ! ಡಾಕ್ಟ್ರು ಓದಿಸಿದ್ದು ಬಚ್ಚಲು ತೊಳೆಯೋಕಾ ಅಂತ ಕೇಳಲ್ವಾ?" ಅನ್ನುತ್ತಾಳೆ. ನಾನು ಹೋಗಿದ್ದು ಕಣ್ಣಿನ ಆಪರೇಷನ್ ಕಲಿಯಲು. ಕಾಲು ತೊಳೆದಿದ್ದೂ ಅದಕ್ಕೇ. ಅದು ಹೇಗೆ ಅಂತ ಹೇಳಬೇಕಾದರೆ ಮೊದಲು ನಮ್ಮ ಬಾಸ್ ಬಗ್ಗೆ ಹೇಳಬೇಕು.

ನಮ್ಮ ಬಾಸ್ ಡಾಕ್ಟರ್ ಶಿವನಂಜಪ್ಪ. ರಾಜಾಜಿನಗರದಲ್ಲಿ ಅವರದೊಂದು ಪುಟ್ಟ ಕಣ್ಣಿನ ನರ್ಸಿಂಗ್ ಹೋಮ್. ಹೇರೋಹಳ್ಳಿಯಿಂದ ಸೈಕಲ್ ತುಳಿದುಕೊಂಡು ಹೋಗಿ ಅಲ್ಲಿ ಅಸಿಸ್ಟೆಂಟ್ ಆಗಿ ಸೇರಿಕೊಂಡವನು ನಾನು. ಅವರ ದನಿ, ನಡಿಗೆ, ಕೆಮ್ಮು ಎಲ್ಲ ನನಗೆ ಬಾಯಿಪಾಠ. ಅವರಿಲ್ಲದ ಹೊತ್ತಲ್ಲಿ ಅವರ ಗಂಟಲಲ್ಲಿ "ಯಾರ್ರೀ ಅದು ಕಣ್ಣುಜ್ಕೊಂಡು ಕೂತಿರೋದು?" ಅಂತ ಒಂದು ಕೂಗು ಹಾಕಿದರೆ ಸಾಕು, ಇಡೀ ವಾರ್ಡು ನೆಟ್ಟಗೆ ಎದ್ದು ಕೂರುತ್ತಿತ್ತು. ಒಂದು ಸಲ ಕೂಗಿ ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಅವರೇ. "ಕೆಮ್ಮು ಸರಿಯಾಗಿ ಬಂದಿಲ್ಲ ಕಣೋ ರಂಗ. ಇನ್ನೂ ಸ್ವಲ್ಪ ಕಫ ಬೇಕು" ಅಂದು ಒಳಗೆ ಹೋದರು.

ಅವರ ಆಪರೇಷನ್ ಥಿಯೇಟರಿನಲ್ಲಿ ಒಂದು ಕಾನೂನು. ಚಪ್ಪಲಿ ಹೊರಗೆ. ಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಬರಬೇಕು. ಪಕ್ಕದ ಬೀದಿಯ ಕಾರ್ಪೊರೇಟರಿಗೂ ಅದೇ, ನಮ್ಮ ಥಿಯೇಟರ್ ನೋಡಿಕೊಳ್ಳುವ ಸಿಸ್ಟರ್ ಲೂಸಿಗೂ ಅದೇ. "ಬೀದಿ ಸವೆಸಿದ್ದನ್ನ ಬೀದೀಲೇ ಬಿಡ್ರೀ" ಅನ್ನುತ್ತಿದ್ದರು.

ಅಂಥವರು ಒಂದು ವರ್ಷ ಸುಂಕದಕಟ್ಟೆಯ ಸ್ಕೂಲಿನಲ್ಲಿ ನಡೆದ ಕ್ಯಾಂಪಿನಲ್ಲಿ ಒಂದು ಕಣ್ಣಿಗೆ ಹೊಲಿಗೆ ಹಾಕುತ್ತಾ ಹಾಕುತ್ತಾ ನಿಂತುಬಿಟ್ಟರು. ಸುಮ್ಮನೆ ನನ್ನ ಕಡೆ ಸರಿದು ಜಾಗ ಬಿಟ್ಟರು. ಉಳಿದ ಹೊಲಿಗೆ ನಾನು ಹಾಕಿದೆ. ಹೊರಗೆ ಹುಣಸೆಮರದ ಕೆಳಗೆ ಕೈ ಒರೆಸಿಕೊಳ್ಳುತ್ತಾ, "ನನಗೇ ಪೊರೆ ಬಂದಿದೆ ಕಣೋ. ಎರಡಕ್ಕೂ" ಅಂದರು.

ಆಗ ನಮ್ಮಲ್ಲಿ ಪೊರೆಗೆ ಇದ್ದದ್ದು ಒಂದೇ ದಾರಿ. ಮಸುಕಾದ ಲೆನ್ಸನ್ನು ಕಣ್ಣಿನಿಂದ ಇಡಿಯಾಗಿ ಹೊರಗೆ ತೆಗೆದು, ಬದಲಿಗೆ ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ ಕೂರಿಸುವುದು. ಆ ಕನ್ನಡಕದಲ್ಲಿ ನೆಟ್ಟಗಿರುವ ಬಾಗಿಲು ಬಾಗಿ ಕಾಣುತ್ತದೆ, ಲೋಟ ಕಂಡ ಜಾಗದಲ್ಲಿ ಇರುವುದಿಲ್ಲ. ಪೇಪರ್ ಓದಬಹುದು. ಇನ್ನೊಬ್ಬರ ಕಣ್ಣು ಕೊಯ್ಯಲು ಆಗುವುದಿಲ್ಲ. ಕಣ್ಣಿನೊಳಗೇ ಪ್ಲಾಸ್ಟಿಕ್ ಲೆನ್ಸ್ ಇಡುವ ವಿದ್ಯೆ ಆಗಲೇ ಬಂದಿತ್ತು, ಆದರೆ ಬಲ್ಲವರು ಕಮ್ಮಿ.

"ಮದ್ರಾಸಿಗೆ ಹೋಗಿ ಹಾಕಿಸ್ಕೊಂಡು ಬನ್ನಿ ಸಾರ್," ಅಂದೆ.

"ಹೋಗ್ತೀನಿ ಅಂತಿಟ್ಕೋ. ನನ್ನ ಕಣ್ಣು ಸರಿಹೋಗುತ್ತೆ. ಒಳಗೆ ಮಲಗವ್ರಲ್ಲ, ಅವರನ್ನೆಲ್ಲ ಮದ್ರಾಸಿಗೆ ಕರ್ಕೊಂಡು ಹೋಗ್ತೀಯಾ? ನೀನು ಕಲ್ತು ಬಾ. ಮೊದಲು ನನಗೇ ಹಾಕು. ನಿನ್ನ ಕೈಗೆ ಕಣ್ಣು ಕೊಡೋಕೆ ನನಗೇ ಧೈರ್ಯ ಇಲ್ಲ ಅಂದ್ರೆ ಅವರು ಯಾಕೋ ಕೊಡ್ಬೇಕು?"

"ನಾನು ಕೆಡಿಸಿಬಿಟ್ರೆ ಸಾರ್?"

"ಕೆಡಿಸಿದ್ರೆ ಸಾಯೋವರೆಗೂ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸು. ಅದೂ ಮಾಗಡಿ ರೋಡು."

ಹೀಗೆ ನಾನು ಹಾಲೆಂಡಿಗೆ ಹೊರಟೆ. ಕೆಲಸ ಮಾಡುತ್ತಿರುವ ಕಣ್ಣಿನ ಸರ್ಜನ್‌ಗಳಿಗೆ ಅಂತಲೇ ಅಲ್ಲೊಂದು ತರಬೇತಿ ಇತ್ತು: ಪೊರೆ, ಗ್ಲಾಕೋಮಾ, ಕನ್ನಡಕ ಬಿಡಿಸುವ ಆಪರೇಷನ್. ನನಗೆ ಬೇಕಾಗಿದ್ದು ಒಂದೇ, ಬಾಸ್ ಕಣ್ಣಿಗೆ ಲೆನ್ಸ್ ಕೂರಿಸುವಷ್ಟು ಕೈ.

ಯಾನ್ಸನ್ ಅಮ್ಮನ ಮನೆ

ಆ ಊರಿನ ಹೆಸರನ್ನು ಇವತ್ತಿಗೂ ನಾನು ಹೇಳಲಾರೆ. ಅಲ್ಲಿಯವರು ಅದನ್ನು ಗಂಟಲಿನ ತಳದಿಂದ ಕ್ಯಾಕರಿಸಿ ಹೇಳುತ್ತಾರೆ. ಮಿಮಿಕ್ರಿಯವನಲ್ಲವೇ ಅಂತ ನಾನೂ ಒಂದು ಸಲ ಪ್ರಯತ್ನಪಟ್ಟೆ. ಪಕ್ಕದಲ್ಲಿದ್ದವರು ಗಾಬರಿಯಾಗಿ ನೀರು ತಂದುಕೊಟ್ಟರು. ನನ್ನ ಜೊತೆ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದರು. ಈ ಕಥೆಯಲ್ಲಿ ಮಾತ್ರ ಕನ್ನಡ ಮಾತಾಡುತ್ತಾರೆ, ಡಬ್ಬಿಂಗ್ ನನ್ನದು.

ನಾನು ಉಳಿದುಕೊಂಡಿದ್ದು ಯಾನ್ಸನ್ ಅಮ್ಮ ಎಂಬ ಒಂಟಿ ಹೆಂಗಸಿನ ಮನೆಯ ಮಹಡಿಯಲ್ಲಿ. ನನಗಿಂತ ಒಂದು ಗೇಣು ಎತ್ತರ, ಮಾತು ನೇರ. ಬಾಗಿಲು ತೆಗೆದವರೇ ನನ್ನ ಸ್ವೆಟರ್ ನೋಡಿ, "ಇದು ಚೆನ್ನಾಗಿಲ್ಲ" ಅಂದರು.

"ನಮ್ಮಮ್ಮ ಹೆಣೆದಿದ್ದು," ಅಂದೆ.

"ನಿಮ್ಮಮ್ಮ ಒಳ್ಳೆಯವರಿರಬಹುದು. ಸ್ವೆಟರ್ ಚೆನ್ನಾಗಿಲ್ಲ."

ಕಾಫಿ ಕೊಟ್ಟರು. ಬಿಸ್ಕೆಟ್ ಡಬ್ಬಿ ತೆರೆದು ಹಿಡಿದರು. ಒಂದು ತೆಗೆದುಕೊಂಡೆ, ಟಪ್ ಅಂತ ಮುಚ್ಚಳ ಬಿತ್ತು. ನಾವೋ, "ಅಯ್ಯೋ ಬೇಡಿ ಬೇಡಿ" ಅನ್ನುತ್ತಲೇ ತಟ್ಟೆ ಖಾಲಿ ಮಾಡುವ ಜನ. ಮಾರನೇ ದಿನ ಮರ್ಯಾದೆಗೆ ಇರಲಿ ಅಂತ ಮೊದಲ ಸಲ "ಬೇಡ" ಅಂದೆ. "ಸರಿ" ಅಂದು ಡಬ್ಬಿಯನ್ನು ಬೀರುವಿನೊಳಗೆ ಇಟ್ಟೇಬಿಟ್ಟರು. ಆ ಸಂಜೆಯೆಲ್ಲ ನಾನು ಬೀರು ನೋಡುತ್ತಾ ಕೂತಿದ್ದೆ. ಬೇಡ ಅಂದರೆ ಬೇಡ ಅಂತಲೇ ತಿಳಿದುಕೊಳ್ಳುವ ದೇಶ!

ಕಿಟಕಿಗಳ ಕಥೆ ಇನ್ನೊಂದು. ಸಂಜೆ ದೀಪ ಹಚ್ಚಿದ ಮೇಲೂ ಯಾರೂ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಇಡೀ ಊರಿನ ಊಟ ಕಾಣುತ್ತದೆ. ಬಸವೇಶ್ವರನಗರದಲ್ಲಿ ಪರದೆ ಎಳೆದಿರುತ್ತದೆ, ಆದರೂ ಪಕ್ಕದ ಮನೆಯಲ್ಲಿ ಏನು ಸಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಪರದೆ ತೆರೆದಿರುತ್ತದೆ, ಯಾರೂ ನೋಡುವುದಿಲ್ಲ. ನೋಡುತ್ತಿದ್ದವನು ನಾನೊಬ್ಬನೇ. ಮೂರನೇ ಮನೆಯ ಮುದುಕ ನನಗೆ ಕೈಬೀಸಲು ಶುರುಮಾಡಿದ ಮೇಲೆ ನಾನೂ ಬಿಟ್ಟೆ.

ಆಸ್ಪತ್ರೆಗೆ ಹೋಗಲು ಯಾನ್ಸನ್ ಅಮ್ಮ ತಮ್ಮ ಸೈಕಲ್ ಕೊಟ್ಟರು. ಹೇರೋಹಳ್ಳಿಯ ಗುಂಡಿಗಳಲ್ಲಿ ಪಳಗಿದವನು ಅಂತ ಗತ್ತಿನಲ್ಲಿ ಹತ್ತಿದೆ. ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋಣ ಅಂದರೆ ಹ್ಯಾಂಡಲ್‌ನಲ್ಲಿ ಬ್ರೇಕೇ ಇಲ್ಲ! "ಹಿಂದಕ್ಕೆ ತುಳೀರಿ!" ಅಂತ ಯಾನ್ಸನ್ ಅಮ್ಮ ಹಿಂದಿನಿಂದ ಕೂಗಿದರು. ಅಷ್ಟರಲ್ಲಿ ನಾನು ಹೂವಿನಂಗಡಿಯ ಬಕೆಟ್ಟುಗಳ ಮಧ್ಯೆ ಇದ್ದೆ. ಆ ದೇಶದಲ್ಲಿ ಟ್ಯೂಲಿಪ್ ಜೊತೆ ನನಗಿದ್ದ ಸಂಬಂಧ ಅಷ್ಟೇ.

ಹಂದಿಯ ಕಣ್ಣು, ಮರದ ಹಾವುಗೆ

ತರಬೇತಿಯ ಮುಖ್ಯಸ್ಥರಿಗೆ ನಾನು ಇಟ್ಟ ಹೆಸರು ದೊಡ್ಡ ಮೇಷ್ಟ್ರು. ಬೆಳ್ಳಿ ಕೂದಲು, ಬಡಗಿಯಂಥ ಬೆರಳು. ಯಾವುದೇ ಕಷ್ಟದ ಕೆಲಸ ಹೇಳಿಕೊಡುವ ಮುಂಚೆ ಎರಡು ಬೆರಳು ಎತ್ತಿ "ಇದು ಬಹಳ ಸರಳ" ಅನ್ನುತ್ತಿದ್ದರು. ಆ ಬೆರಳು, ಆ "ಸರಳ" ಎರಡನ್ನೂ ಮೊದಲ ದಿನವೇ ಕದ್ದುಬಿಟ್ಟೆ. ನನ್ನ ಪಕ್ಕದ ಮೇಜು ಸಿಕ್ಕಿದ್ದು ಕೈರೋದಿಂದ ಬಂದಿದ್ದ ಡಾಕ್ಟರ್ ಸಮೀರನಿಗೆ. ಕ್ಯಾಂಟೀನಿನಲ್ಲಿ ನಾನು ಗಟ್ಟಿ ಬ್ರೆಡ್ಡಿನ ಮುಂದೆ ಎರಡು ಬೆರಳು ಎತ್ತಿ "ಇದನ್ನು ಅಗಿಯುವುದು ಬಹಳ ಸರಳ" ಅಂದರೆ ಅವನು ಮೇಜಿನ ಕೆಳಗೆ ಇಳಿದು ನಗುತ್ತಿದ್ದ.

ಅಭ್ಯಾಸದ ಕೋಣೆಯಲ್ಲಿ ಎಲ್ಲರಿಗೂ ಒಂದೊಂದು ಆಪರೇಷನ್ ಮೈಕ್ರೋಸ್ಕೋಪು, ತಟ್ಟೆಯಲ್ಲಿ ಕಸಾಯಿಖಾನೆಯಿಂದ ತಂದ ಹಂದಿಯ ಕಣ್ಣುಗಳು. ಅಮ್ಮನಿಗೆ ಇವತ್ತಿಗೂ ಅವು ಮೇಕೆಯವು ಅಂತಲೇ ಹೇಳಿದ್ದೇನೆ. ನಾನು ರೂಢಿಯಂತೆ ಶೂ ಸಾಕ್ಸು ಬಾಗಿಲ ಹೊರಗೆ ಬಿಟ್ಟು, ಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಕಾಲಿಟ್ಟೆ.

ಥಿಯೇಟರ್ ಸಿಸ್ಟರ್ ಹಾವು ಕಂಡವರಂತೆ ಕಿರುಚಿದರು. "ಪಾದ! ಪಾದ!"

ಕೆಳಗೆ ನೋಡಿಕೊಂಡೆ. ನನ್ನವೇ ಪಾದ, ಎರಡೇ ಇದ್ದವು. ಸಿಸ್ಟರ್ ಓಡಿಬಂದು ದಪ್ಪ ಮರದ ಅಟ್ಟೆಯ, ಮೇಲೆ ಬಿಳಿ ಚರ್ಮ ಹೊದಿಸಿದ ಜೋಡನ್ನು ನನ್ನ ಮುಂದಿಟ್ಟರು. ಅಲ್ಲಿ ಥಿಯೇಟರಿನಲ್ಲೂ ಅಭ್ಯಾಸದ ಕೋಣೆಯಲ್ಲೂ ಎಲ್ಲರೂ ತೊಡುವುದು ಅದೇ. ಒಳ್ಳೇ ಮಠದ ಸ್ವಾಮಿಗಳ ಹಾವುಗೆ! ಟಕ್ ಟಕ್ ಅಂತ ನಡೆದೆ. ಇನ್ನೇನು, ಯಾರಾದರೂ ಅಡ್ಡಬಿದ್ದರೆ ಅಕ್ಷತೆ ಹಾಕುವುದೊಂದೇ ಬಾಕಿ.

ನಗು ಅಲ್ಲಿಗೇ ಮುಗಿಯಿತು. ಆ ಮೈಕ್ರೋಸ್ಕೋಪನ್ನು ನಡೆಸುವುದು ಕಾಲಿನಿಂದ. ನೆಲದ ಮೇಲೊಂದು ಪೆಡಲು, ಅದರಲ್ಲಿ ಗುಂಡಿಗಳು. ಒಂದನ್ನು ಒತ್ತಿದರೆ ಮೈಕ್ರೋಸ್ಕೋಪು ಮೇಲೆ ಹೋಗುತ್ತದೆ, ಇನ್ನೊಂದಕ್ಕೆ ಕೆಳಗೆ ಬರುತ್ತದೆ. ಕಣ್ಣಿನ ಒಳಗಡೆ ಒಂದು ಕೂದಲೆಳೆಯಷ್ಟು ಆಳ ಬದಲಾದರೂ ಚಿತ್ರ ಮಸುಕು. ನನ್ನ ಮರದ ಅಟ್ಟೆಗೆ ಯಾವ ಗುಂಡಿ ಯಾವುದು ಅನ್ನುವುದೇ ತಿಳಿಯುತ್ತಿರಲಿಲ್ಲ. ಮೇಲೆ ಹೋಗು ಅಂದರೆ ಕೆಳಗೆ, ನಿಲ್ಲು ಅಂದರೆ ಬಿ.ಟಿ.ಎಸ್. ಬಸ್ಸಿನ ಹಾಗೆ ಒಂದು ಜರ್ಕು.

ಈ ಹೊಸ ಆಪರೇಷನ್ನಿನ ಗುಟ್ಟೆಲ್ಲ ಇನ್ನೊಂದು ಪೊರೆಯಲ್ಲಿದೆ, ಕಾಯಿಲೆಯ ಪೊರೆಯಲ್ಲ. ಮಸುಕಾದ ಲೆನ್ಸನ್ನು ತೆಗೆಯುವಾಗ ಅದನ್ನು ಸುತ್ತಿರುವ ಚೀಲದ ಹಿಂದಿನ ಗೋಡೆಯನ್ನು ಮಾತ್ರ ಹಾಗೇ ಉಳಿಸಬೇಕು. ಈರುಳ್ಳಿಯ ಎಸಳುಗಳ ನಡುವೆ ಸಿಗುವ ಪೊರೆಗಿಂತಲೂ ತೆಳು ಅದು. ಹೊಸ ಲೆನ್ಸ್ ಕೂರುವುದು ಅದರ ಮೇಲೇ. ಅದು ಹರಿದರೆ ಹಿಂದಿನ ಲೋಳೆ ಮುಂದಕ್ಕೆ ನುಗ್ಗುತ್ತದೆ, ಲೆನ್ಸ್ ಇಡಲು ಜಾಗ ಉಳಿಯುವುದಿಲ್ಲ. ನನ್ನ ಮೊದಲ ಕಣ್ಣಿನಲ್ಲಿ ಪೆಡಲು ಜರ್ಕು ಹೊಡೆಯಿತು, ಒಂದು ಕ್ಷಣ ಏನೂ ಕಾಣಲಿಲ್ಲ, ಪೊರೆ ಹರಿಯಿತು. ಎರಡನೆಯದೂ ಹಾಗೇ. ಆಮೇಲಿನದೂ ಹಾಗೇ. ಪ್ರತಿ ಸಲ ಲೋಳೆ ಹೊರಬಂದಾಗಲೂ ನನಗೆ ಕಾಣುತ್ತಿದ್ದದ್ದು ಮಾಗಡಿ ರೋಡು, ಬಾಸ್, ಅವರ ಕೈ ಹಿಡಿದುಕೊಂಡ ನಾನು.

"ತೆಳು ಚಪ್ಪಲಿ ಇದ್ದರೆ ಕೊಡಿ ಸಿಸ್ಟರ್," ಅಂತ ಬೇಡಿದೆ.

"ಇಲ್ಲಿ ಇದೊಂದೇ. ಬೇರೆ ಬೇಕಿದ್ದರೆ ಕಮಿಟಿಗೆ ಬರೆಯಬೇಕು. ಮುಂದಿನ ವಸಂತಕ್ಕೆ ಬರಬಹುದು."

ವಸಂತದಲ್ಲಿ ನಾನು ರಾಜಾಜಿನಗರದಲ್ಲಿ ಇರಬೇಕಾಗಿತ್ತು.

ಶಿಸ್ತು

ಬೆಳಗಿನ ಹೊತ್ತು ಪಾಠ. ಗ್ಲಾಕೋಮಾ ಹೇಳಿಕೊಟ್ಟವರು ಕಣ್ಣಿನ ಒತ್ತಡದ ಬಗ್ಗೆ ಎಷ್ಟು ಮೆಲ್ಲಗೆ ಮಾತಾಡಿದರೆಂದರೆ ಅರ್ಧ ಕೋಣೆ ಒತ್ತಡ ಇಳಿದು ನಿದ್ದೆ ಹೋಗಿತ್ತು. ಕನ್ನಡಕ ಬಿಡಿಸುವ ಆಪರೇಷನ್ ಹೇಳಿಕೊಟ್ಟವರು ಮಾತ್ರ ಭಾರೀ ಉತ್ಸಾಹಿ. ಕಪ್ಪುಗುಡ್ಡೆಯ ಮೇಲೆ ಸೂರ್ಯನ ಕಿರಣದ ಹಾಗೆ ಸುತ್ತಲೂ ಗೀರು ಹಾಕಿದರೆ ಅದು ಸ್ವಲ್ಪ ಚಪ್ಪಟೆಯಾಗಿ ದೂರದ್ದು ಸ್ಪಷ್ಟವಾಗಿ ಕಾಣುತ್ತದೆ, ಕನ್ನಡಕ ಬೇಡ ಅಂತ ವಿವರಿಸಿದರು. ಅವರ ಮೂಗಿನ ಮೇಲೇ ದಪ್ಪ ಕನ್ನಡಕ.

ನಾನು ಕೈಯೆತ್ತಿದೆ. "ತಾವು ಯಾಕೆ ಮಾಡಿಸಿಕೊಂಡಿಲ್ಲ?"

ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಇನ್ನೂ ಫಲಿತಾಂಶಗಳನ್ನು ಗಮನಿಸುತ್ತಿದ್ದೇನೆ," ಅಂದರು. ಆ ದೇಶದವರ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು. ನಮ್ಮಲ್ಲಾಗಿದ್ದರೆ ನನ್ನನ್ನೇ ಮಲಗಿಸಿ ಗೀರು ಹಾಕುತ್ತಿದ್ದರು.

ಕೊನೆಗೆ ದೊಡ್ಡ ಮೇಷ್ಟ್ರು ಲೆನ್ಸ್ ಪಾಠ ಮಾಡಿದರು. ಮುಗಿಸುವಾಗ ನಮ್ಮ ಸಾಲಿನ ಕಡೆ ತಿರುಗಿದರು. ನಾನು, ಸಮೀರ್, ಇನ್ನೂ ಕೆಲವು ಕಂದು ಮುಖಗಳು. "ನಿಮ್ಮ ದೇಶಗಳಲ್ಲಿ ಸದ್ಯಕ್ಕೆ ದಪ್ಪ ಕನ್ನಡಕವೇ ಸೂಕ್ತ. ಲೆನ್ಸ್ ಇಡಲು ಕೈಚಳಕ ಸಾಲದು, ಶಿಸ್ತು ಬೇಕು. ಬರಿಗಾಲಲ್ಲಿ ಥಿಯೇಟರಿಗೆ ಬರುವ ಕಡೆ ಅದಕ್ಕೆ ಸಮಯ ಹಿಡಿಯುತ್ತದೆ."

ಅವರ ದನಿಯಲ್ಲಿ ಕೊಂಕಿರಲಿಲ್ಲ. ಯಾನ್ಸನ್ ಅಮ್ಮ ಸ್ವೆಟರ್ ಬಗ್ಗೆ ಹೇಳಿದ ಹಾಗೇ ಹೇಳಿದರು. ಅದಕ್ಕೇ ನನಗೆ ಇನ್ನೂ ಉರಿಯಿತು. ಬರಿಗಾಲು ಶಿಸ್ತಿಲ್ಲದ್ದಾ? ಒಂದು ಹನಿ ಡ್ರಾಪ್ಸ್ ತಪ್ಪಿದರೆ ವಾರ್ಡು ನಡುಗಿಸುವ ಶಿವನಂಜಪ್ಪ ಶಿಸ್ತಿಲ್ಲದವರಾ? ನನ್ನನ್ನು ಏನು ಬೇಕಾದರೂ ಅನ್ನಲಿ, ನಾನು ಅನ್ನಿಸಿಕೊಳ್ಳುವುದಕ್ಕೇ ಹುಟ್ಟಿದವನು. ನಮ್ಮ ಬಾಸನ್ನು ಆಡಿಕೊಳ್ಳುವ ಹಕ್ಕು ಮಾತ್ರ ಈ ಭೂಮಿಯ ಮೇಲೆ ಒಬ್ಬನಿಗೇ ಇರುವುದು, ಅದು ನಾನು.

ಆ ಮಧ್ಯಾಹ್ನ ಅಭ್ಯಾಸದ ಕೋಣೆಯಲ್ಲಿ ಮೇಜಿನ ಕೆಳಗೆ ಮೆಲ್ಲಗೆ ಹಾವುಗೆ ಕಳಚಿದೆ. ಹೆಬ್ಬೆರಳನ್ನು ಪೆಡಲಿನ ಮೇಲಿಟ್ಟೆ. ಅಬ್ಬಾ! ಕತ್ತಲಲ್ಲಿ ಮನೆಯ ಸ್ವಿಚ್ಚು ಸಿಕ್ಕಿದ ಹಾಗಾಯಿತು. ಹೆಬ್ಬೆರಳಿಗೆ ಒಂದು ಗುಂಡಿ, ಪಕ್ಕದ ಬೆರಳಿಗೆ ಇನ್ನೊಂದು. ಎಷ್ಟು ಬೇಕೋ ಅಷ್ಟೇ ಒತ್ತು, ಎಷ್ಟು ಬೇಕೋ ಅಷ್ಟೇ ಆಳ. ಆ ಕಣ್ಣಿನಲ್ಲಿ ಪೊರೆ ಉಳಿಯಿತು. ನೀಲಿ ಕೊಂಡಿಗಳ ಪುಟ್ಟ ಲೆನ್ಸು ಒಳಗೆ ಜಾರಿ ಕೂತು, ನನ್ನನ್ನೇ ನೋಡಿತು.

"ಏನೋ ಮಾಡಿದೆ ನೀನು?" ಅಂತ ಸಮೀರ್ ಪಿಸುಗುಟ್ಟಿದ. ಕೆಳಗೆ ತೋರಿಸಿದೆ. ಅವನು ನನ್ನ ಪಾದ ನೋಡಿದ, ಸಿಸ್ಟರ್ ಕಡೆ ನೋಡಿದ, ತನ್ನದನ್ನೂ ಕಳಚಿದ. "ಮಸೀದಿಯಲ್ಲಿ ಬಿಚ್ಚುತ್ತೇನೆ, ಇಲ್ಲಿ ಬಿಚ್ಚಲು ಏನು ಕಷ್ಟ?" ಅಂದ. ಮಾರನೇ ದಿನ ಅವನ ಪಕ್ಕದ ಮೇಜಿನವರು ಬಿಚ್ಚಿದರು. ಅದರ ಮಾರನೇ ದಿನ ಕದ್ದುಮುಚ್ಚಿ ಯಾಕೆ ಅಂತ ಎಲ್ಲರೂ ಬಾಗಿಲಲ್ಲೇ ಬಿಟ್ಟು ಬಂದೆವು. ಸಾಲಾಗಿ ಬಿಳೀ ಜೋಡುಗಳು, ಶ್ರಾವಣ ಸೋಮವಾರ ಈಶ್ವರನ ಗುಡಿ ಮುಂದೆ ಇದ್ದ ಹಾಗೆ.

ದೊಡ್ಡ ಮೇಷ್ಟ್ರು ಬಂದರು. ಸಾಲು ನೋಡಿದರು. ಒಳಗೆ ಬಂದು ಬೇರೆ ಯಾರನ್ನೂ ನೋಡದೆ ನೆಟ್ಟಗೆ ನನ್ನ ಹತ್ತಿರ ಬಂದರು. ನನ್ನ ಮುಖದಲ್ಲಿ ಅಪರಾಧಿಯ ಕಳೆ ಹುಟ್ಟಿನಿಂದಲೇ ಇದೆ.

"ಇದು ಸ್ವಚ್ಛತೆಯ ಪ್ರಶ್ನೆ," ಅಂದರು. "ಮೇಲಾಗಿ ನೆಲದ ಮೇಲೆ ಸೂಜಿ ಬೀಳುತ್ತದೆ."

"ಸಾರ್, ನಮ್ಮಲ್ಲಿ ಸೂಜಿ ಬಿದ್ದರೆ ಅದು ಸಿಗುವವರೆಗೆ ಒಬ್ಬರೂ ಕಾಲೆತ್ತುವುದಿಲ್ಲ. ಬರಿಗಾಲಲ್ಲವಾ, ಭಯ ಇರುತ್ತೆ. ನಿಮ್ಮಲ್ಲಿ?" ಅಂತ ಬಾಗಿಲಿಗೆ ಹೋಗಿ ನನ್ನ ಹಾವುಗೆಯನ್ನು ತಂದು ಮಗುಚಿ ತೋರಿಸಿದೆ. ಅಟ್ಟೆಯಲ್ಲಿ ದಾರದ ಚೂರು, ಒಣಗಿದ ಚ್ಯೂಯಿಂಗ್ ಗಮ್ಮು, ಅದರ ಪಕ್ಕದಲ್ಲಿ ಚುಚ್ಚಿಕೊಂಡು ಮಿನುಗುತ್ತಿದ್ದ ಮುರಿದ ಸೂಜಿ. "ಇದು ಕ್ಯಾಂಟೀನಿನವರೆಗೂ ಹೋಗಿ ಬಂದಿದೆ."

ಅವರು ಆ ಸೂಜಿಯನ್ನು ಚಿಮಟದಿಂದ ಕಿತ್ತು ತಟ್ಟೆಗೆ ಹಾಕಿದರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಇನ್ನು ಮೇಲೆ ದಿನಾ ಸಂಜೆ ಎಲ್ಲರ ಅಟ್ಟೆ ಪರೀಕ್ಷಿಸಿ" ಅಂದರು. ನನ್ನ ಕಡೆ ತಿರುಗಿ, "ನೀವು ಪಾದುಕೆ ಹಾಕಿಕೊಳ್ಳಿ" ಅಂದರು. ಅಷ್ಟೇ. ವಾದದಲ್ಲಿ ನಾನು ಗೆದ್ದೆ, ಕಾನೂನು ಒಂದು ಜಾಸ್ತಿಯಾಯಿತು.

ತೊಟ್ಟಿ

ಮಾರನೇ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಹೋಗಿ, ಕೈತೊಳೆಯುವ ತೊಟ್ಟಿಯ ಮುಂದೆ ನಿಂತೆ. ಮೊದಲು ಕೈಗಳನ್ನು, ಮೊಣಕೈವರೆಗೆ, ಅವರು ಹೇಳಿಕೊಟ್ಟ ಹಾಗೇ ತೊಳೆದೆ. ಆಮೇಲೆ ಪ್ಯಾಂಟು ಮಡಿಸಿ ಬಲಗಾಲನ್ನು ತೊಟ್ಟಿಯೊಳಗೆ ಇಟ್ಟೆ. ಅದೇ ಸೋಪು, ಅದೇ ಅಯೋಡಿನ್, ಅದೇ ಬ್ರಷ್ಷು. ಬೆರಳ ಸಂದಿ, ಹಿಮ್ಮಡಿ, ಉಗುರು, ಯಾವುದನ್ನೂ ಬಿಡಲಿಲ್ಲ. ಸ್ವಚ್ಛತೆ ತಾನೇ? ತಗೊಳ್ಳಿ ಸ್ವಚ್ಛತೆ. ಸಮೀರ್ ಫೋಟೋ ತೆಗೆದದ್ದು ಆಗಲೇ. ಅವನ ಕೈ ನಗುವಿನಿಂದ ನಡುಗಿ ಫೋಟೋ ಸ್ವಲ್ಪ ಓರೆಯಾಗಿದೆ.

ಎಡಗಾಲನ್ನು ಎತ್ತಿಡುವಷ್ಟರಲ್ಲಿ ಸಿಸ್ಟರ್ ಬಂದರು. ಈ ಸಲ ಕಿರುಚಲಿಲ್ಲ. ಕೊಳಾಯಿ ನಿಲ್ಲಿಸಿದರು. "ಇದು ಕೈಗೆ ಇರುವ ತೊಟ್ಟಿ. ನನ್ನ ಕೆಲಸದಲ್ಲಿ ಇಂಥದ್ದನ್ನು ನೋಡಿಲ್ಲ" ಅಂದವರ ಕಣ್ಣಲ್ಲಿ ನೀರಿತ್ತು. ಅದೊಂದಕ್ಕೆ ನನಗೆ ನಾಚಿಕೆಯಾಯಿತು. ಅವರ ಜೊತೆ ನನ್ನ ಜಗಳ ಇರಲಿಲ್ಲ. ಇನ್ನೊಂದು ಬ್ರಷ್ಷು ಇಸಕೊಂಡು ತೊಟ್ಟಿಯನ್ನು ನಾನೇ ತಿಕ್ಕಿ ತೊಳೆದೆ. ಅವರು ಪಕ್ಕದಲ್ಲಿ ನಿಂತು, "ಆ ಮೂಲೆ ಇನ್ನೂ ಇದೆ" ಅಂತ ಬೆರಳು ತೋರಿಸುತ್ತಾ ಹೋದರು.

ಮಧ್ಯಾಹ್ನ ದೊಡ್ಡ ಮೇಷ್ಟ್ರ ತೀರ್ಪು ಬಂತು. ತರಬೇತಿಯ ಕೊನೆಗೆ ಒಂದು ಪರೀಕ್ಷೆ ಇತ್ತು. ಅವರ ಮುಂದೆ ಹಂದಿಯ ಒಂದು ಕಣ್ಣಿಗೆ ಲೆನ್ಸ್ ಕೂರಿಸಿ ತೋರಿಸಿದರೆ, ಈತ ಈ ಆಪರೇಷನ್ ಮಾಡಬಲ್ಲ ಅಂತ ಸಹಿ ಹಾಕಿದ ಸರ್ಟಿಫಿಕೇಟು. ಬರಿಗಾಲಲ್ಲಿ ಬಂದವರಿಗೆ ಅದಿಲ್ಲ.

ಸಂಜೆಯ ಹೊತ್ತಿಗೆ ಬಾಗಿಲ ಮುಂದಿನ ಸಾಲು ಖಾಲಿಯಾಯಿತು. ಸಮೀರ್ ಕೂಡ ಹಾಕಿಕೊಂಡ. "ನನಗೆ ಆ ಕಾಗದ ಇಲ್ಲದೆ ಕೈರೋದಲ್ಲಿ ಯಾರೂ ಮೈಕ್ರೋಸ್ಕೋಪು ಮುಟ್ಟಿಸಲ್ಲ ಕಣಪ್ಪಾ. ನಿನಗೂ ಬೇಕು. ಒಂದು ದಿನ ತಾನೇ, ಹಾಕ್ಕೋ" ಅಂದ. ಅವನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಆದರೆ ನಾನು ಹಾವುಗೆ ಹಾಕಿಕೊಂಡು ಎಷ್ಟು ಪೊರೆ ಹರಿದಿದ್ದೇನೆ ಅಂತ ನನಗೆ ಗೊತ್ತಿತ್ತು. ನನಗೆ ಸಹಿಗಿಂತ ಹೆಚ್ಚಾಗಿ ಬೇಕಾಗಿದ್ದು ದೊಡ್ಡ ಮೇಷ್ಟ್ರ ಕಣ್ಣು: ನನ್ನ ಕೈ ಎಲ್ಲಿ ತಪ್ಪುತ್ತೆ ಅಂತ ಹೇಳಬಲ್ಲವರು ಅಲ್ಲಿ ಅವರೊಬ್ಬರೇ.

ಪರೀಕ್ಷೆಯ ದಿನ

ಬರಿಗಾಲಲ್ಲೇ ಹೋದೆ. ತೊಟ್ಟಿ ಮುಟ್ಟಲಿಲ್ಲ, ಯಾನ್ಸನ್ ಅಮ್ಮನ ಮನೆಯ ಬಕೆಟ್ಟಿನಲ್ಲಿ ತೊಳೆದು, ಕಾಲಿಗೆ ಶುಭ್ರವಾದ ಟವೆಲ್ ಸುತ್ತಿಕೊಂಡು ಹೋಗಿ ಬಾಗಿಲಲ್ಲಿ ಬಿಚ್ಚಿದೆ. ಯಾನ್ಸನ್ ಅಮ್ಮ ಕಾರಣ ಕೇಳಿದ್ದರು. ಹೇಳಿದ್ದೆ. "ದಡ್ಡತನ," ಅಂದು, ಟವೆಲ್ ಮಾತ್ರ ಹೊಸದನ್ನೇ ಕೊಟ್ಟಿದ್ದರು.

ನನ್ನ ಸರದಿ ಬಂತು. ದೊಡ್ಡ ಮೇಷ್ಟ್ರು ನನ್ನ ಕಾಲು ನೋಡಿದರು. "ಪಾದುಕೆ?"

"ಬೇಡ ಸಾರ್."

ಆ ದೇಶದಲ್ಲಿ ಅದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ ಅಂತ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

"ಹಾಗಾದರೆ ಸಹಿ ಹಾಕುವುದಿಲ್ಲ."

"ಹಾಕಬೇಡಿ ಸಾರ್. ನೋಡಿ, ಸಾಕು."

ಅವರು ಗಡಿಯಾರ ನೋಡಿದರು. ಹೋಗಿಬಿಡುತ್ತಾರೆ ಅಂದುಕೊಂಡೆ. ಆದರೆ ಒಳ್ಳೆಯ ಸರ್ಜನ್‌ಗೆ ಒಂದು ರೋಗ ಇರುತ್ತದೆ. ಪಕ್ಕದಲ್ಲಿ ಯಾರಾದರೂ ಕಣ್ಣು ಕೊಯ್ಯುತ್ತಿದ್ದರೆ ನೋಡದೆ ಇರಲು ಆಗುವುದಿಲ್ಲ. ನಮ್ಮ ಬಾಸಿಗೂ ಅದೇ ರೋಗ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ನನ್ನ ಮೈಕ್ರೋಸ್ಕೋಪಿನ ಎರಡನೇ ಜೋಡಿ ಕಿಂಡಿಗೆ ಕಣ್ಣಿಟ್ಟರು.

ಕೊಯ್ದೆ. ಚೀಲದ ಮುಂಭಾಗವನ್ನು ಸುತ್ತಲೂ ಚುಚ್ಚಿ ತೆರೆದೆ. ಹೆಬ್ಬೆರಳು ಗುಂಡಿಯ ಮೇಲೆ ಉಸಿರಾಡಿದ ಹಾಗೆ ಆಡುತ್ತಿತ್ತು. ಒಳಗಿನ ಗಟ್ಟಿ ತಿರುಳು ಹೊರಬಂತು. ಹಿಂದಿನ ಪೊರೆ ಕೆರೆಯ ನೀರಿನ ಹಾಗೆ ಮಿನುಗುತ್ತಾ ಹಾಗೇ ಇತ್ತು. ಲೆನ್ಸ್ ಎತ್ತಿಕೊಂಡೆ.

"ಅವಸರ," ಅಂದರು ಮೇಷ್ಟ್ರು. "ಮೊದಲು ಒಳಗೆ ಒಂದು ಗಾಳಿಗುಳ್ಳೆ ಬಿಡಿ, ಜಾಗ ಆಗುತ್ತದೆ. ಇನ್ನೂ ದೊಡ್ಡದು. ಈಗ ಅದರ ಕೆಳಗೆ ಜಾರಿಸಿ. ನೂಕಬೇಡಿ. ನೂಕಬೇಡಿ ಅಂದೆ! ಬಿಡಿ, ಅದೇ ಹೋಗುತ್ತದೆ."

ಬಿಟ್ಟೆ. ಅದೇ ಹೋಯಿತು.

ಇಬ್ಬರೂ ತಲೆಯೆತ್ತಿದೆವು. "ಚೆನ್ನಾಗಿದೆ. ಸಹಿ ಹಾಕುವುದಿಲ್ಲ," ಅಂದರು.

"ಗೊತ್ತು ಸಾರ್."

"ಊರಿಗೆ ಹೋಗಿ ಮೊದಲು ಯಾರಿಗೆ ಹಾಕುತ್ತೀರಿ?"

"ನನ್ನ ಗುರುಗಳಿಗೆ. ನನಗೆ ಕಣ್ಣು ಕೊಯ್ಯಲು ಕಲಿಸಿದವರಿಗೆ."

ಅವರು ಕೈಗವಸು ಬಿಚ್ಚಿದರು. "ನನ್ನ ಮೊದಲನೆಯವನು ನಮ್ಮ ಪಕ್ಕದ ಮನೆಯವನು. ಆಮೇಲೆ ಅವನು ನನ್ನ ಜೊತೆ ಮಾತಾಡಿಲ್ಲ." ಎದ್ದು ನಿಂತು ಎರಡು ಬೆರಳು ಎತ್ತಿದರು. ಬಹಳ ಸರಳ ಅನ್ನುತ್ತಾರೆ ಅಂತ ಕಾದೆ. "ದೊಡ್ಡ ಗುಳ್ಳೆ" ಅಂದು ಹೋದರು.

ಮತ್ತೆ ರಾಜಾಜಿನಗರ

"ಎಲ್ಲೋ ಸರ್ಟಿಫಿಕೇಟು?" ಅಂದರು ಬಾಸ್. ಅಷ್ಟರಲ್ಲಿ ಅವರ ಎಡಗಣ್ಣು ಬೆಳಕನ್ನು ಬಿಟ್ಟು ಬೇರೇನೂ ಕಾಣದ ಮಟ್ಟಕ್ಕೆ ಬಂದಿತ್ತು. ಕಥೆಯೆಲ್ಲ ಹೇಳಿದೆ. ದೊಡ್ಡ ಮೇಷ್ಟ್ರ ದನಿಯಲ್ಲಿ, ಸಿಸ್ಟರ್ ದನಿಯಲ್ಲಿ, ಯಾನ್ಸನ್ ಅಮ್ಮನ ದನಿಯಲ್ಲಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಹಾಕ್ಕೊಂಡು ಬರ್ಬಾರ್ದಾಗಿತ್ತೇನೋ ದರಿದ್ರದ್ದನ್ನ?" ಅಂದರು.

"ಕೈ ಬರ್ತಿರಲಿಲ್ಲ ಸಾರ್. ಕಾಗದ ಬರ್ತಿತ್ತು."

"ಹಂಗಾದ್ರೆ ಬಿಡು. ಕಾಗದಾನ ಕಣ್ಣೊಳಗೆ ಇಡಕ್ಕಾಗುತ್ತಾ?"

ವಿಜಯನಗರದ ಮಾಂಸದಂಗಡಿಯಿಂದ ಮೇಕೆಯ ಕಣ್ಣು ತರಿಸಿ, ನಮ್ಮ ನರ್ಸಿಂಗ್ ಹೋಮಿನ ಹಳೇ ಮೈಕ್ರೋಸ್ಕೋಪಿನ ಕೆಳಗೆ ಕೈ ಪಳಗುವವರೆಗೂ ಕೂತೆ. ಕೊನೆಗೆ ಒಂದು ಬೆಳಿಗ್ಗೆ ಬಾಸ್ ತಾವೇ ಮೇಜು ಹತ್ತಿ ಮಲಗಿದರು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುವ ಆಪರೇಷನ್ ಅದು, ಬಾಯಿ ಆಡುತ್ತಿರುತ್ತದೆ. ಅವರ ಬಾಯಿ ಆಡಿತು.

"ಎಷ್ಟು ಕೊಯ್ದೆ? ಜಾಸ್ತಿ ಆಯ್ತು."

"ಸರಿಯಾಗಿದೆ ಸಾರ್."

"ಹಿಂದಿನ ಪೊರೆ ಇದೆಯೇನೋ?"

"ಇದೆ ಸಾರ್."

"ನಿಜ ಹೇಳು."

"ಇದೆ ಸಾರ್, ಇದೆ. ಈಗ ಗುಳ್ಳೆ ಬಿಡ್ತಾ ಇದೀನಿ."

"ಬಿಡು ಬಿಡು. ದೊಡ್ಡದಾಗಿ ಬಿಡು." ಗುಳ್ಳೆಯ ಮಾತು ಅವರಿಗೆ ನಾನೇ ಹೇಳಿದ್ದು. ಅದನ್ನು ನನಗೇ ಪಾಠ ಮಾಡಿದರು. ಸಿಸ್ಟರ್ ಲೂಸಿ ಮಾಸ್ಕಿನ ಹಿಂದೆ ಪ್ರಾರ್ಥನೆ ಮಾಡುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. ಲೆನ್ಸನ್ನು ಜಾರಿಸಿದೆ. ನೂಕಲಿಲ್ಲ.

ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚಿ, ಬಲಗಣ್ಣು ಮುಚ್ಚಿ, ಗೋಡೆಯ ಅಕ್ಷರದ ಬೋರ್ಡು ಓದಿ ಅಂದೆ. ಮೇಲಿನಿಂದ ಕೊನೆಯ ಸಾಲಿನವರೆಗೆ ತಡವರಿಸದೆ ಓದಿದರು. ಸಿಸ್ಟರ್ ಲೂಸಿ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಆ ಬೋರ್ಡನ್ನು ಅವರು ಜೀವನವಿಡೀ ಜನರ ಕೈಲಿ ಓದಿಸಿದ್ದಾರೆ. ಇಂಗ್ಲಿಷು, ಕನ್ನಡ ಎರಡೂ ಬಾಯಿಪಾಠ, ಬೇಕಿದ್ದರೆ ಕೆಳಗಿನಿಂದ ಮೇಲಕ್ಕೂ ಹೇಳುತ್ತಾರೆ. ನನಗೆ ಬೇಜಾರಾಗಬಾರದು ಅಂತ ಹೇಳುತ್ತಿದ್ದಾರಾ? ಕಾಣುತ್ತಿದೆಯಾ, ಇಲ್ಲವಾ?

ಅವರು ದಿಂಬಿಗೆ ಒರಗಿದರು. ಸೂರು ನೋಡಿದರು. ಹುಬ್ಬು ಗಂಟಾಯಿತು.

"ಲೂಸೀ! ಏನ್ರೀ ಅದು ಫ್ಯಾನಿನ ಮೇಲೆ? ಜೇಡರ ಬಲೆ! ಯಾವ ಕಾಲದ್ದು? ಆ ಮೂಲೇಲೂ ಇದೆ! ನನಗೆ ಕಾಣಲ್ಲ ಅಂತ ಎಲ್ರೂ ಸೇರ್ಕೊಂಡು ಇದನ್ನ ಛತ್ರ ಮಾಡಿಟ್ಟಿದ್ದೀರಾ?"

ಲೂಸಿ ಪೊರಕೆಗೆ ಓಡಿದರು. ವಾರ್ಡಿನಲ್ಲಿ ಮಲಗಿದ್ದವರೆಲ್ಲ ಎದ್ದು ಕೂತರು. ಈ ಸಲ ಕೂಗು ನನ್ನದಲ್ಲ. ಬಾಸ್ ಮಂಚದಿಂದ ಕಾಲು ಇಳಿಸಿ, ಇನ್ನೂ ಎಲ್ಲೆಲ್ಲಿ ಬಲೆ ಇದೆ ಅಂತ ನೋಡಲು ಏಳತೊಡಗಿದರು. ನಾನು ಭುಜ ಹಿಡಿದು ಕೂರಿಸಿದೆ.

"ಏಳಬೇಡಿ. ಕೂಗಾಡಬೇಡಿ. ಹೊಲಿಗೆ ಹಸಿ ಇದೆ."

"ನನ್ನ ನರ್ಸಿಂಗ್ ಹೋಮಿನಲ್ಲಿ ನನಗೆ ಬೇಡ ಅನ್ನಕ್ಕೆ ನೀನ್ಯಾರೋ?"

"ನಿಮ್ಮ ಕಣ್ಣಿನ ಡಾಕ್ಟ್ರು ಸಾರ್. ಮಲಕ್ಕೊಳ್ಳಿ."

ಶಿವನಂಜಪ್ಪ ನನ್ನನ್ನು ಆ ಹೊಸ ಕಣ್ಣಿನಲ್ಲಿ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಇಳಿಸಿದ್ದ ಕಾಲನ್ನು ಮೇಲೆತ್ತಿಕೊಂಡು ಮಲಗಿದರು.